ಎರಡು ಕಿಲೋ ಉದ್ದೇಶ

ನಮ್ಮ ಬೀದಿಯಲ್ಲಿ ಮೆಚ್ಚುಗೆ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರು ಒಬ್ಬರೇ. ಅವರನ್ನು ಎಲ್ಲರೂ ತಕ್ಕಡಿ ಸಾಹೇಬರು ಎನ್ನುತ್ತಾರೆ. ಸಾಹೇಬರೇನೂ ಅಲ್ಲ, ತೂಕ ಮತ್ತು ಅಳತೆ ಕಚೇರಿಯಲ್ಲಿ ಗುಮಾಸ್ತರು. ಅಂಗಡಿಗಳ ತಕ್ಕಡಿ ಪರೀಕ್ಷೆಗೆ ಹೊರಟ ಮೇಲಧಿಕಾರಿಯ ಹಿಂದೆ ತೂಕದ ಬಟ್ಟುಗಳ ಪೆಟ್ಟಿಗೆ ಹಿಡಿದುಕೊಂಡು ಹೋಗುವುದು ಅವರ ಕೆಲಸ. ಮುಂದೆ ಹೋಗುವವರಿಗಿಂತ ಹಿಂದೆ ಹೋಗುವ ಇವರೇ ಹೆಚ್ಚು ಗಂಭೀರವಾಗಿ ಹೆಜ್ಜೆ ಹಾಕುತ್ತಿದ್ದುದರಿಂದ ಆ ಹೆಸರು ಬಂತು.

ನಾನು ಅವರ ಪಕ್ಕದ ಮನೆಯ ದರ್ಜಿ. ನಮ್ಮಿಬ್ಬರ ಮನೆಗೂ ನಡುವಿನ ಗೋಡೆ ಒಂದೇ. ಅದನ್ನು ಅಷ್ಟು ತೆಳ್ಳಗೆ ಕಟ್ಟಿದವನು ನಾನಲ್ಲ. ಆದ್ದರಿಂದ ನನಗೆ ಇಷ್ಟೆಲ್ಲ ಹೇಗೆ ಗೊತ್ತಾಯಿತೆಂದು ಯಾರೂ ನನ್ನನ್ನು ಕೇಳಬಾರದು.

ಆ ಪತ್ರದ ಕಥೆ ಇಷ್ಟು. ಆರು ತಿಂಗಳ ಹಿಂದೆ ಒಂದು ದಿನಸಿ ಅಂಗಡಿಯಿಂದ ಎರಡು ಕಿಲೋದ ಕಬ್ಬಿಣದ ಬಟ್ಟೊಂದನ್ನು ಜಪ್ತಿ ಮಾಡಿದ್ದರು. ಬಟ್ಟಿಗೆ ಆರು ಮೂಲೆ. ಅದರಲ್ಲಿ ಒಂದು ಮೂಲೆಯನ್ನು ಅಂಗಡಿಯವನು ನಾಜೂಕಾಗಿ ಅರ ಹಾಕಿ ಉಜ್ಜಿ ತೆಗೆದಿದ್ದ. ವಿಚಾರಣೆಯ ದಿನ ನೋಡಿದರೆ ಬಟ್ಟೇ ಇಲ್ಲ. ಕೇಸು ಬಿದ್ದುಹೋಯಿತು, ಮೇಲಧಿಕಾರಿಗೆ ಅವರ ಮೇಲಿನವರಿಂದ ಮಂಗಳಾರತಿಯಾಯಿತು, ಕಚೇರಿಯ ಜವಾನ ತನ್ನ ಮೇಲೆ ಸಂಶಯ ಬಂತೆಂದು ಊಟ ಬಿಟ್ಟ. ನಾಲ್ಕನೆಯ ದಿನ ಬೆಳಿಗ್ಗೆ ನಮ್ಮ ತಕ್ಕಡಿ ಸಾಹೇಬರು ಬೀರುವಿನ ಹಿಂದಕ್ಕೆ ಕೈ ಹಾಕಿ ಬಟ್ಟನ್ನು ಹೊರಗೆ ತೆಗೆದರು. ಮೇಲಧಿಕಾರಿ ಸಂತೋಷಪಟ್ಟು 'ಸೂಕ್ಷ್ಮ ದೃಷ್ಟಿ ಮತ್ತು ಪತ್ತೆ ಹಚ್ಚುವ ಚಾತುರ್ಯ'ವನ್ನು ಹೊಗಳಿ ಪತ್ರ ಬರೆದುಕೊಟ್ಟರು. ಬಟ್ಟು ಅಲ್ಲಿಗೆ ಹೇಗೆ ಹೋಯಿತೆಂದು ಯಾರೂ ಕೇಳಲಿಲ್ಲ, ಸಾಹೇಬರೂ ಹೇಳಲಿಲ್ಲ. ಕೇಸಿಲ್ಲದ ಬಟ್ಟು ಅಂದಿನಿಂದ ಅವರ ಮೇಜಿನ ಮೇಲೆ ಕಾಗದ ಹಾರದಂತೆ ಕೂತುಬಿಟ್ಟಿತು.

ಅವರ ಹೆಂಡತಿಗೆ ಬೀದಿಯವರೆಲ್ಲ ಬೈಂಡಿಂಗ್ ಅಕ್ಕ ಎನ್ನುತ್ತಾರೆ. ಎದುರಿಗಿರುವ ಲೈಬ್ರರಿಯ ಹರಿದ ಪುಸ್ತಕಗಳೆಲ್ಲ ಹನ್ನೆರಡು ವರ್ಷದಿಂದ ಅಕ್ಕನ ಮನೆಯ ಮುಂದಿನ ಕೋಣೆಗೆ ಬರುತ್ತವೆ. ಹಳೇ ದಾರ ಕಳಚಿ, ಒಣಗಿದ ಅಂಟು ಕೆರೆದು, ಹೊಸ ಹೊಲಿಗೆ, ಹೊಸ ರಟ್ಟು ಹಾಕಿಸಿಕೊಂಡು ವಾಪಸು ಹೋಗುತ್ತವೆ. ನಾನೂ ಸೂಜಿ ಹಿಡಿದೇ ಬದುಕುವವನು. ಆಕೆಯ ಹೊಲಿಗೆ ನನ್ನದಕ್ಕಿಂತ ನೇರ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. "ಹನ್ನೆರಡು ವರ್ಷದಲ್ಲಿ ಒಂದು ಪುಟ ಹಿಂದುಮುಂದಾಗಿಲ್ಲ" ಎನ್ನುವುದು ಆಕೆಗಿರುವ ಒಂದೇ ಜಂಬ.

ಅಕ್ಕನ ಅಣ್ಣ ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್. ಪ್ರತಿ ಭಾನುವಾರ ತಂಗಿಯ ಮನೆಗೆ ಊಟಕ್ಕೆ ಬರುತ್ತಾರೆ. ಬಂದವರು ತಂಗಿಗೆ "ಈ ಅಂಟಿನ ಕೆಲಸ ಬಿಟ್ಟುಬಿಡು" ಎನ್ನುತ್ತಾರೆ, ತಂಗಿಯ ಗಂಡನಿಗೆ "ನಿಮ್ಮ ಕೈಲಿ ಇನ್ನೇನಾಗುತ್ತೆ ಬಿಡಿ" ಎನ್ನುತ್ತಾರೆ. ಆಮೇಲೆ ಊಟ ಮಾಡುತ್ತಾರೆ. ಹನ್ನೆರಡು ವರ್ಷದಿಂದ ಈ ಕ್ರಮ ತಪ್ಪಿಲ್ಲ.

ಒಂದು ಭಾನುವಾರ ಮಾತು ಲೈಬ್ರರಿಯ ಒಂದು ಹಳೇ ಪತ್ತೇದಾರಿ ಕಾದಂಬರಿಯ ಕಡೆ ತಿರುಗಿತು. ದೊಡ್ಡ ಮನೆ, ಒಂದು ಕೊಲೆ, ಕೊಡೆ ಹಿಡಿದ ಮುದುಕ ಪತ್ತೇದಾರ. ನಮ್ಮ ಬೀದಿಯಲ್ಲಿ ಅದನ್ನು ಹೊಗಳದವರೇ ಇರಲಿಲ್ಲ.

"ನಾನು ಎರಡು ಸಲ ಓದಿದೀನಿ," ಎಂದರು ಇನ್ಸ್‌ಪೆಕ್ಟರ್. "ಮೂವತ್ತು ವರ್ಷ ಕಳ್ಳರ ಮುಖ ನೋಡಿದ ನನಗೇ ಕೊನೇವರೆಗೂ ಕೊಲೆಗಾರ ಯಾರು ಅಂತ ಗೊತ್ತಾಗಲಿಲ್ಲ. ಇನ್ನು ಸಾಮಾನ್ಯರ ಪಾಡು ಕೇಳಬೇಡ."

"ನನಗೆ ಮೂರನೇ ಅಧ್ಯಾಯಕ್ಕೇ ಗೊತ್ತಾಗೋಯ್ತು ಭಾವ," ಎಂದರು ತಕ್ಕಡಿ ಸಾಹೇಬರು.

ಬಡಿಸುತ್ತಿದ್ದ ಸೌಟು ನಿಂತಿದ್ದು ನನಗೆ ಗೋಡೆಯಾಚೆ ಕೇಳಿಸಿತು.

"ಯಾರು ಹಾಗಾದ್ರೆ?"

"ಡಾಕ್ಟರು."

ಇನ್ಸ್‌ಪೆಕ್ಟರ್ ನೀರು ಕುಡಿದರು. ಒಂದು ಲೋಟ ನೀರಿಗೆ ಅಷ್ಟು ಹೊತ್ತು ಬೇಕಾಗುವುದಿಲ್ಲ. "ಹೌದು," ಎಂದರು ಕೊನೆಗೆ. "ಡಾಕ್ಟರೇ."

ಈಗ ನಿಜ ಹೇಳಿಬಿಡುತ್ತೇನೆ. ತಕ್ಕಡಿ ಸಾಹೇಬರು ಆ ಪುಸ್ತಕವನ್ನು ಓದಿರಲಿಲ್ಲ. ಕಚೇರಿಯಲ್ಲಿ ಯಾವ ಕಡತ ಬಂದರೂ ಅವರು ನೋಡುವುದು ಕೊನೆಯ ಹಾಳೆಯ ಷರಾ ಮಾತ್ರ. ತೀರ್ಮಾನ ಅಲ್ಲಿರುವಾಗ ಮೇಲಿನದನ್ನು ಓದುವುದು ಸರ್ಕಾರಿ ಸಮಯದ ದುರುಪಯೋಗವೆಂದು ಅವರ ನಂಬಿಕೆ. ಪುಸ್ತಕಗಳಿಗೂ ಅದೇ ನಿಯಮ. ಲೈಬ್ರರಿಯಲ್ಲಿ ನಿಂತುಕೊಂಡೇ ಕೊನೆಯ ಮೂರು ಪುಟ ಓದಿ, ಡಾಕ್ಟರು ತಪ್ಪೊಪ್ಪಿಕೊಂಡಿದ್ದನ್ನು ಖಚಿತ ಮಾಡಿಕೊಂಡು, ಪುಸ್ತಕವನ್ನು ಅದರ ಜಾಗದಲ್ಲಿಟ್ಟು ಬಂದಿದ್ದರು.

ಇನ್ಸ್‌ಪೆಕ್ಟರಿಗೆ ಆ ಊಟ ಜೀರ್ಣವಾಗಲಿಲ್ಲ. ಮರುದಿನವೇ ಲೈಬ್ರರಿ ಮೇಡಂ ಹತ್ತಿರ ಹೋಗಿ, "ನಮ್ಮ ಮನೆಯವರೊಬ್ಬರು ದೊಡ್ಡ ಪಂಡಿತರಿದಾರೆ, ನಿಮ್ಮ ಓದುಗರ ಕೂಟದಲ್ಲಿ ಮಾತಾಡಿಸಿ" ಎಂದು ಹೇಳಿ ಬಂದರು. ತಂಗಿಯ ಗಂಡ ನಲವತ್ತು ಜನರ ಮುಂದೆ ಬೆವರುವುದನ್ನು ಮೊದಲ ಸಾಲಿನಲ್ಲಿ ಕೂತು ನೋಡಬೇಕೆಂಬುದು ಅವರ ಆಸೆ. ಮೇಡಂ ಕೂಡಲೇ ಒಪ್ಪಿದರು. ಮುಂದಿನ ಶನಿವಾರದ ಕೂಟಕ್ಕೆ ಕೇಂದ್ರ ಕಚೇರಿಯಿಂದ ಗ್ರಂಥಾಲಯ ಅಧಿಕಾರಿ ಬರುವುದಿತ್ತು, ಭಾಷಣ ಮಾಡುವವರು ಯಾರೂ ಸಿಕ್ಕಿರಲಿಲ್ಲ. 'ಪತ್ತೇದಾರಿ ಕಾದಂಬರಿಯ ಪಾತ್ರಗಳು ಮತ್ತು ಅವುಗಳ ಉದ್ದೇಶಗಳು: ಒಂದು ಅಧ್ಯಯನ' ಎಂದು ಬಾಗಿಲಿಗೆ ಚೀಟಿ ಅಂಟಿಸಿದರು.

ಅಧಿಕಾರಿ ಬರುತ್ತಿದ್ದುದು ಭಾಷಣ ಕೇಳುವುದಕ್ಕಲ್ಲ. ಲೈಬ್ರರಿಯ ಬೈಂಡಿಂಗ್ ಕೆಲಸವನ್ನು ಮುಂದಿನ ವರ್ಷದಿಂದ ಯಂತ್ರದ ಬೈಂಡಿಂಗ್ ಕಾರ್ಖಾನೆಗೆ ಕೊಡುವುದೋ, ಅಕ್ಕನ ಕೈಯಲ್ಲೇ ಬಿಡುವುದೋ ಎಂದು ಅವರು ಅವತ್ತು ತೀರ್ಮಾನ ಮಾಡಬೇಕಿತ್ತು.

"ರೀ," ಎಂದು ಅಕ್ಕ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ನಾನು ಯಾವತ್ತೂ ನಿಮ್ಮ ಹತ್ರ ಏನೂ ಕೇಳಿಲ್ಲ. ಅವತ್ತು ಒಂದು ದಿನ ಸರಿಯಾಗಿ ಮಾತಾಡಿ. ಆ ಅಧಿಕಾರಿಗಳಿಗೆ ನಮ್ಮನೆ ಮೇಲೆ ಒಳ್ಳೇ ಅಭಿಪ್ರಾಯ ಬರಲಿ. ಈ ಕೆಲಸ ಹೋದ್ರೆ ನಾನು ಆ ಕೋಣೇಲಿ ಕೂತು ಏನು ಮಾಡಲಿ ಹೇಳಿ."

"ಡಾಕ್ಟರನ್ನ ನನಗೆ ಬಿಟ್ಟುಬಿಡು," ಎಂದರು ಸಾಹೇಬರು.

ಪುಸ್ತಕ ಓದಲು ಅವರು ಪ್ರಯತ್ನ ಮಾಡಲಿಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಮೂರು ದಿನ ಲೈಬ್ರರಿಯಲ್ಲಿ ಕೂತು ಮಾಡಿದರು. ಮೂರು ದಿನವೂ ನಾಲ್ಕನೆಯ ಪುಟದಲ್ಲಿ ಕನ್ನಡಕ ಮೂಗಿನ ತುದಿಗೆ ಇಳಿಯಿತು, ಗೊರಕೆ ಮೇಡಂ ಮೇಜಿನವರೆಗೂ ಬಂತು. ನಾಲ್ಕನೆಯ ದಿನ ಅವರು ಒಂದು ಪ್ಯಾಂಟು ಹಿಡಿದು ನನ್ನ ಅಂಗಡಿಗೆ ಬಂದರು.

"ಸೊಂಟ ಸ್ವಲ್ಪ ಸಡಿಲ ಮಾಡಿ. ಹಾಂ, ನೀವೂ ಆ ಪುಸ್ತಕ ಓದಿದೀರಂತೆ."

"ಓದಿದೀನಿ," ಎಂದೆ.

"ಅದರಲ್ಲಿರೋ ಜನರ ಬಗ್ಗೆ ಒಂದೊಂದಾಗಿ ಹೇಳಿ. ಡಾಕ್ಟರು ಬೇಡ, ಅವನನ್ನ ನಾನು ಅರೆದು ಕುಡಿದಿದೀನಿ. ಮಿಕ್ಕವರದು ಹೇಳಿ."

ಇಷ್ಟು ಓದಿಕೊಂಡವರು ನನ್ನ ಅಭಿಪ್ರಾಯ ಕೇಳುತ್ತಿದ್ದಾರಲ್ಲ ಎಂದು ನಾನು ಉಬ್ಬಿಹೋದೆ. ಮನೆಯ ಯಜಮಾನಿ ದೊಡ್ಡಮ್ಮ, ಅವಳ ಅಳಿಯ, ವಕೀಲ, ಅಡುಗೆಯವಳು, ಮಾಲಿ ಎಲ್ಲರ ವಿಷಯವನ್ನೂ ಬಿಡಿಸಿ ಹೇಳಿದೆ. ಅವರು ಕಚೇರಿಯ ನಮೂನೆಯ ಹಿಂಬದಿಯಲ್ಲಿ ಬರೆದುಕೊಂಡರು.

"ದೊಡ್ಡಮ್ಮನಿಗೆ ಕೋಪ ಎಷ್ಟು?"

"ಜಾಸ್ತಿನೇ."

"ಜಾಸ್ತಿ ಅನ್ನೋದು ತೂಕ ಅಲ್ಲ. ಗ್ರಾಂ ಹೇಳಿ."

ನಾನು ಟೇಪನ್ನು ಕುತ್ತಿಗೆಯಿಂದ ತೆಗೆದಿಟ್ಟು ಯೋಚಿಸಿದೆ. "ಒಂದು ಇನ್ನೂರೈವತ್ತು ಇಟ್ಕೊಳ್ಳಿ."

"ಮಾಲಿದು?"

"ಮಾಲಿ ಪಾಪದವನು. ಐವತ್ತು ಸಾಕು."

ಒಂದು ಮಾತನ್ನು ಮಾತ್ರ ನಾನು ಹೇಳಲಿಲ್ಲ. ಆ ಪುಸ್ತಕದ ಕೊನೆ ನನಗೆ ತಲೆಬುಡ ತಿಳಿದಿರಲಿಲ್ಲ. ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಎಲ್ಲಿಂದಲೋ ಒಬ್ಬ ಹಡಗಿನ ಕಪ್ತಾನ ಬಂದು ಗಳಗಳ ಅತ್ತುಬಿಟ್ಟಿದ್ದ. ನಾನು ತೂಕಡಿಸುತ್ತಿದ್ದಾಗ ಅವನು ಯಾವುದೋ ಪುಟದಲ್ಲಿ ಒಳಗೆ ಬಂದಿರಬೇಕು ಎಂದುಕೊಂಡೆ. ಪುಸ್ತಕ ವಾಪಸು ಕೊಡುವಾಗ ಮೇಡಂ "ಹೇಗಿತ್ತು?" ಎಂದರು. "ಅದ್ಭುತ, ಅದರಲ್ಲೂ ಆ ಕೊನೆ" ಎಂದೆ. ದರ್ಜಿಗೆ ಅರ್ಥವಾಗಲಿಲ್ಲ ಅನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಶನಿವಾರ ಸಂಜೆ ಐದಕ್ಕೆ ಲೈಬ್ರರಿಯ ಓದುವ ಕೋಣೆ ತುಂಬಿತ್ತು. ಮೊದಲ ಸಾಲಿನಲ್ಲಿ ಇನ್ಸ್‌ಪೆಕ್ಟರ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ತೂಕದ ಕಚೇರಿಯ ಮೇಲಧಿಕಾರಿಯನ್ನು ಸಾಹೇಬರೇ ಮುದ್ದಾಂ ಕರೆಸಿದ್ದರು. ಅಕ್ಕ ಕಿಟಕಿಯ ಪಕ್ಕ ಕೂತು, ಉಗುರಿನ ಸಂದಿಯ ಅಂಟನ್ನು ಕೀಳುತ್ತಿದ್ದರು.

ಗ್ರಂಥಾಲಯ ಅಧಿಕಾರಿ ಎರಡು ಮಾತಾಡಿದರು. "ಈ ಲೈಬ್ರರಿಯ ಇದೇ ಪ್ರತಿಯನ್ನ ಹೋದ ತಿಂಗಳು ಮನೆಗೆ ತರಿಸಿಕೊಂಡು ಇನ್ನೊಮ್ಮೆ ಓದಿದೆ. ಕೊನೆಯಲ್ಲಿ ಆ ಕಪ್ತಾನ ಅಳೋ ಸನ್ನಿವೇಶ ಇದೆಯಲ್ಲ, ಅದರಲ್ಲಿ ಎಂಥ ತತ್ವ ಇದೆ ಅನ್ನೋದು ತಿಳಿದವರಿಗೇ ಗೊತ್ತು." ಕೋಣೆಯಲ್ಲಿದ್ದವರೆಲ್ಲ ತಲೆಯಾಡಿಸಿದರು. ನಾನೂ ಆಡಿಸಿದೆ.

ತಕ್ಕಡಿ ಸಾಹೇಬರು ಎದ್ದರು. ಮೇಜಿನ ಮೇಲೆ ಕಚೇರಿಯ ಪರೀಕ್ಷೆಯ ತಕ್ಕಡಿ, ಬಟ್ಟುಗಳ ಪೆಟ್ಟಿಗೆ, ಪಕ್ಕದಲ್ಲಿ ಆ ಮುಕ್ಕಾದ ಎರಡು ಕಿಲೋ.

"ಉದ್ದೇಶ ಅನ್ನೋದು ಗಾಳಿಯಲ್ಲಿ ತೇಲೋ ವಸ್ತು ಅಲ್ಲ, ಅದಕ್ಕೆ ತೂಕ ಇದೆ," ಎಂದು ಶುರು ಮಾಡಿದರು. "ಈ ತಟ್ಟೆಯಲ್ಲಿ ಒಬ್ಬೊಬ್ಬರ ಒಳ್ಳೇತನ, ಎಲ್ಲರಿಗೂ ಸಮವಾಗಿ ಅರ್ಧ ಕಿಲೋ. ಆ ತಟ್ಟೆಯಲ್ಲಿ ಉದ್ದೇಶ. ದೊಡ್ಡಮ್ಮ, ಇನ್ನೂರೈವತ್ತು ಗ್ರಾಂ." ತಟ್ಟೆ ಅಲುಗಲಿಲ್ಲ. "ದೊಡ್ಡಮ್ಮ ನಿರಪರಾಧಿ. ವಕೀಲ, ನಾನೂರು. ಇವನೂ ಹಗುರ."

ನನ್ನ ಗ್ರಾಂಗಳು ನಲವತ್ತು ಜನರ ಮುಂದೆ ತಕ್ಕಡಿ ಹತ್ತಿದ್ದನ್ನು ನೋಡಿ ನನ್ನ ಎದೆ ತುಂಬಿತು. ಅಧಿಕಾರಿ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಇನ್ಸ್‌ಪೆಕ್ಟರ್ ಕಾಲ ಮೇಲಿನ ಕಾಲನ್ನು ಇಳಿಸಿದರು. ಅಕ್ಕ ಉಗುರು ಕೀಳುವುದನ್ನು ಬಿಟ್ಟು ಗಂಡನ ಮುಖವನ್ನೇ ನೋಡುತ್ತಿದ್ದರು, ಆ ಮುಖವನ್ನು ಅವತ್ತೇ ಮೊದಲ ಸಲ ಕಂಡವರ ಹಾಗೆ.

"ಕೊನೆಯದಾಗಿ," ಎಂದರು ಸಾಹೇಬರು, "ಡಾಕ್ಟರು." ಎರಡು ಕಿಲೋ ಬಟ್ಟನ್ನು ಎರಡು ಕೈಯಲ್ಲಿ ಎತ್ತಿ ತಟ್ಟೆಗಿಟ್ಟರು. ತಟ್ಟೆ ಧಡ್ ಎಂದು ಕೂತಿತು. ಚಪ್ಪಾಳೆ ಬಿತ್ತು.

ಚಪ್ಪಾಳೆ ನಿಂತ ಮೇಲೆ ಮೂರನೇ ಸಾಲಿನಲ್ಲಿ ಗಣಿತದ ಟೀಚರಮ್ಮ ಎದ್ದರು. ಅವರ ಕೈಯಲ್ಲಿ ಅದೇ ಪುಸ್ತಕ, ನಡುವೆ ಗುರುತಿಗೆ ಒಂದು ಬಸ್ ಟಿಕೆಟು.

"ಸಾರ್, ನಾನಿನ್ನೂ ಹತ್ತನೇ ಅಧ್ಯಾಯದಲ್ಲಿದೀನಿ, ಮುಗಿಸಿಲ್ಲ. ಒಂದು ಸಣ್ಣ ಸಂದೇಹ."

"ಧಾರಾಳವಾಗಿ ಕೇಳಿ."

"ಡಾಕ್ಟರು ಎರಡನೇ ಅಧ್ಯಾಯದಲ್ಲೇ ಸತ್ತುಹೋಗ್ತಾರಲ್ಲ."

ಸಾಹೇಬರು ಸ್ವಲ್ಪ ಹೊತ್ತು ತಟ್ಟೆಯನ್ನು ನೋಡಿದರು. "ಹಾಗಾದ್ರೆ ಈ ಪುಸ್ತಕದಲ್ಲಿ ಕೊಲೆ ಆಗಿರೋದು..."

"ಅವರದೇ."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಸಿದು ಕೂರುತ್ತಿದ್ದರು. ಇವರು ಕತ್ತೆತ್ತಿ, "ಅದೇ ಅವನ ಚಾಲಾಕಿತನ," ಎಂದರು. "ಸತ್ತವನ ಮೇಲೆ ಯಾರಿಗೂ ಸಂಶಯ ಬರಲ್ಲ."

"ತನ್ನ ತಲೆಗೆ ತಾನೇ ಹಿಂದಿನಿಂದ ಹೊಡೆದುಕೊಂಡ್ರಾ ಸಾರ್?"

"ಅದನ್ನ ಕಾನೂನು ಬಲ್ಲವರೇ ಹೇಳಬೇಕು. ನಮ್ಮ ಭಾವನವರು ಮೂವತ್ತು ವರ್ಷ ಪೊಲೀಸಿನಲ್ಲಿದ್ದವರು, ಪುಸ್ತಕ ಎರಡು ಸಲ ಓದಿದಾರೆ. ಡಾಕ್ಟರೇ ಅಂತ ಅವರೂ ನನಗೆ ಹೇಳಿದಾರೆ. ಅಲ್ವಾ ಭಾವ?"

ಇನ್ಸ್‌ಪೆಕ್ಟರ್ ಬಹಳ ನಿಧಾನವಾಗಿ ಎದ್ದರು. ಬೆಲ್ಟು ಸರಿ ಮಾಡಿಕೊಂಡರು. ಬೆವರುವುದನ್ನು ನೋಡಲು ಬಂದವರ ಹಣೆಯೇ ಈಗ ಹೊಳೆಯುತ್ತಿತ್ತು. "ಇಂಥ ಕೇಸುಗಳು ಇವೆ," ಎಂದರು. "ನನ್ನ ಸರ್ವೀಸಿನಲ್ಲೇ ಎರಡು ನೋಡಿದೀನಿ."

"ಸತ್ತವರೇ ಕೊಲೆ ಮಾಡಿದ್ದಾ?"

"ವಿವರ ಹೇಳೋ ಹಾಗಿಲ್ಲಮ್ಮ. ಗೋಪ್ಯ."

ಆಗ ಹಿಂದಿನಿಂದ ಯಾರೋ "ಹಾಗಾದ್ರೆ ಕಪ್ತಾನ ಯಾರು?" ಎಂದು ಕೇಳಿಬಿಟ್ಟರು. ಅದು ನಾನೇ. ಆರು ತಿಂಗಳಿಂದ ಒಳಗೆ ಕೊರೆಯುತ್ತಿದ್ದ ಪ್ರಶ್ನೆ, ತಡೆಯಲಾಗಲಿಲ್ಲ.

"ಕಪ್ತಾನ ಅಂದ್ರೆ ಮನಸ್ಸಾಕ್ಷಿ," ಎಂದರು ಇನ್ಸ್‌ಪೆಕ್ಟರ್.

"ನಾನು ಸಮಾಜ ಅಂದ್ಕೊಂಡಿದ್ದೆ," ಎಂದರು ಔಷಧಿ ಅಂಗಡಿಯವರು.

"ಎರಡೂ ಸರಿ," ಎಂದರು ಅಧಿಕಾರಿ.

ಟೀಚರಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. ತರಗತಿಯಲ್ಲಿ ಎಲ್ಲರೂ ಒಂದೇ ತಪ್ಪು ಉತ್ತರ ಬರೆದಾಗ ಅವರು ಹೀಗೇ ನೋಡುತ್ತಾರೆಂದು ಕಾಣುತ್ತದೆ. "ಯಾವ ಕಪ್ತಾನ? ಈ ಪುಸ್ತಕದಲ್ಲಿ ಸಮುದ್ರವೇ ಇಲ್ಲ," ಎನ್ನುತ್ತಾ ಮುಂದೆ ಬಂದು, ಪುಸ್ತಕವನ್ನು ಮೇಜಿನ ಮೇಲಿಟ್ಟು ಕೊನೆಯ ಭಾಗ ತೆರೆದರು. ಹೊಲಿಗೆ ಬಿಗಿಯಾಗಿದ್ದುದರಿಂದ ಪುಟ ಮಡಚಿಕೊಳ್ಳುತ್ತಿತ್ತು. ತಕ್ಕಡಿ ಸಾಹೇಬರು ಅಭ್ಯಾಸಬಲದಿಂದ ಎರಡು ಕಿಲೋ ಬಟ್ಟನ್ನೆತ್ತಿ ಬಲಗಡೆಯ ಪುಟದ ಮೇಲೆ ಇಟ್ಟರು.

"ನೂರ ಎಪ್ಪತ್ತಾರನೇ ಪುಟ ಹೀಗೆ ಮುಗಿಯುತ್ತೆ: ಪತ್ತೇದಾರ ಕೊಡೆಯನ್ನು ಗೋಡೆಗೆ ಒರಗಿಸಿ, ಎಲ್ಲರನ್ನೂ ನೋಡಿ ಹೇಳಿದ." ಟೀಚರಮ್ಮ ಬಟ್ಟನ್ನು ಸರಿಸಿದರು. "ನೂರ ಎಪ್ಪತ್ತೇಳು: ಕಪ್ತಾನರೇ, ಅಳಬೇಡಿ, ನಿಮ್ಮ ಹಡಗು ಮುಳುಗಿಲ್ಲ."

ಎಲ್ಲರೂ ಟೀಚರಮ್ಮನನ್ನು ನೋಡುತ್ತಿದ್ದರು. ತಕ್ಕಡಿ ಸಾಹೇಬರು ಪುಟವನ್ನು ನೋಡುತ್ತಿದ್ದರು. ಅಲ್ಲಿ ಒಂದು ಹಳೆಯ ತುಕ್ಕಿನ ಗುರುತಿತ್ತು. ಐದು ಮೂಲೆ ಚೂಪು, ಒಂದು ಮೂಲೆ ಮುಕ್ಕು.

ಲೈಬ್ರರಿ ಮೇಡಂ ಓಡಿಹೋಗಿ ಕಪಾಟಿನಿಂದ ಇನ್ನೊಂದು ಪುಸ್ತಕ ತಂದರು. ಅದೇ ಲೇಖಕರದು, ಅದೇ ಅಳತೆ, ಅದೇ ಅಚ್ಚು, ಅದರಲ್ಲೂ ಅದೇ ಕೊಡೆಯ ಪತ್ತೇದಾರ. ಆದರೆ ಕಥೆ ನಡೆಯುವುದು ಹಡಗಿನಲ್ಲಿ. ಅದರ ಕೊನೆ ತೆರೆದರೆ ನಡುಸಮುದ್ರದಲ್ಲಿ ಮಾಲಿ ಗುಲಾಬಿ ಗಿಡಕ್ಕೆ ನೀರು ಹಾಕುತ್ತಿದ್ದ. ಮೇಡಂ ಮುಂದಿನ ಸಾಲಿಗೆ ಬಾಯಿ ತೆರೆದರು, ಟೀಚರಮ್ಮ "ದಯವಿಟ್ಟು ಓದಬೇಡಿ, ನಾನಿನ್ನೂ ಮುಗಿಸಿಲ್ಲ" ಎಂದು ಪುಸ್ತಕ ಮುಚ್ಚಿಸಿದರು. ವಿಷಯ ಸ್ಪಷ್ಟವಾಗಿತ್ತು. ಹದಿನಾರು ಪುಟದ ಒಂದು ಮಡಿಕೆಗೆ ಫಾರಂ ಎನ್ನುತ್ತಾರೆ. ಎರಡೂ ಪುಸ್ತಕದ ಕೊನೆಯ ಫಾರಂಗಳು ಅದಲುಬದಲಾಗಿದ್ದವು. ತಪ್ಪೊಪ್ಪಿಕೊಂಡ ಡಾಕ್ಟರು ಹಡಗಿನ ಡಾಕ್ಟರು.

ಅಧಿಕಾರಿಯ ದನಿ ಬದಲಾಯಿತು. "ಇವನ್ನ ಬೈಂಡ್ ಮಾಡಿದ್ದು ಯಾರು?"

ಅಕ್ಕ ಎದ್ದು ನಿಂತರು. "ನಾನೇ ಸಾರ್."

"ಯಂತ್ರದಲ್ಲಿ ಆಗಿದ್ರೆ ಹೀಗಾಗ್ತಿರಲಿಲ್ಲ," ಎಂದು ಅಧಿಕಾರಿ ಜೇಬಿನಿಂದ ಪೆನ್ನು ತೆಗೆದರು.

"ಎರಡೂ ನನ್ನ ಹೊಲಿಗೆನೇ ಸಾರ್. ತಪ್ಪು ನನ್ನದು," ಎಂದರು ಅಕ್ಕ. ಹನ್ನೆರಡು ವರ್ಷದ ಆ ಒಂದೇ ಜಂಬ ಅವರ ಮುಖದಿಂದ ಇಳಿದುಹೋಗಿದ್ದು ನನಗೆ ಕಾಣಿಸಿತು.

"ಒಂದು ನಿಮಿಷ ಸಾರ್," ಎಂದರು ತಕ್ಕಡಿ ಸಾಹೇಬರು. "ಅಧ್ಯಯನ ಇನ್ನೂ ಮುಗಿದಿಲ್ಲ."

ಅಧಿಕಾರಿ ಪೆನ್ನು ಹಿಡಿದೇ ತಲೆ ಎತ್ತಿದರು.

"ಅಪರಾಧಿ ಈ ಕೋಣೆಯಲ್ಲೇ ಇದಾನೆ," ಎಂದರು ಸಾಹೇಬರು. ಇನ್ಸ್‌ಪೆಕ್ಟರ್ ಬಾಗಿಲ ಕಡೆ ನೋಡಿದರು. "ಈ ಪುಟದ ಮೇಲೆ ತುಕ್ಕಿನ ಗುರುತಿದೆ. ಆರು ಮೂಲೆ, ಒಂದು ಮುಕ್ಕು." ಬಟ್ಟನ್ನು ಎತ್ತಿ ಗುರುತಿನ ಮೇಲೆ ಇಟ್ಟರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ತೂಕದ ಕಚೇರಿಯ ಮೇಲಧಿಕಾರಿ ಕುರ್ಚಿಯಿಂದ ಅರ್ಧ ಎದ್ದರು. "ಅಲ್ಲಯ್ಯ, ಅದು ನಮ್ಮ ಜಪ್ತಿ ಬಟ್ಟಲ್ವಾ? ಅದು ಪುಸ್ತಕದ ಮೇಲೆ ಯಾವಾಗ ಬಂತು?"

"ಕಳೆದುಹೋಗಿತ್ತಲ್ಲ ಸಾರ್, ಆ ನಾಲ್ಕು ದಿನ. ನಮ್ಮನೇಲಿತ್ತು." ಸಾಹೇಬರು ಹೆಂಡತಿಯ ಕಡೆ ಕೈ ತೋರಿಸಿದರು. "ಇವಳು ಪುಟ ಅದುಮೋಕೆ ಇಟ್ಕೊಂಡಿದ್ದ ಇಟ್ಟಿಗೆ ಒಡೆದುಹೋಗಿತ್ತು. ಭಾರ ಇರೋದು ಏನಾದ್ರೂ ಬೇಕು ಅಂದಿದ್ಲು, ತಂದೆ. ವಿಚಾರಣೆ ಇದೆ ಅನ್ನೋದೇ ಮರೆತುಹೋಯ್ತು. ಬೀರು ಹಿಂದೆ ಇಟ್ಟಿದ್ದೂ ನಾನೇ, ತೆಗೆದಿದ್ದೂ ನಾನೇ."

ಸಾಹೇಬರು ತಲೆಯ ಮೇಲೆ ತಿರುಗುತ್ತಿದ್ದ ಪಂಖವನ್ನು ನೋಡಿ ಮುಂದುವರಿಸಿದರು.

"ಆ ನಾಲ್ಕು ದಿನದ ನಡುವಿನ ಭಾನುವಾರ ಇವಳು ಎರಡೂ ಪುಸ್ತಕ ಬಿಚ್ಚಿ, ಎರಡು ರಾಶಿ ಮಾಡಿ, ಕೊನೇ ಫಾರಂ ಮೇಲೆ ಬರೋ ಹಾಗೆ ಜೋಡಿಸಿಟ್ಟು ಒಳಗೆ ಹೋಗಿದ್ಲು. ಸೆಖೆ ಅಂತ ನಾನು ಪಂಖ ಹಾಕ್ದೆ. ಎರಡು ರಾಶಿಯಿಂದಲೂ ಮೇಲಿನದು ಹಾರಿ ಒಂದೇ ಮೂಲೆಗೆ ಬಿತ್ತು. ಎರಡರ ಮೇಲೂ ನೂರ ಎಪ್ಪತ್ತೇಳು ಅಂತಲೇ ಇತ್ತು. ಯಾವುದಾದ್ರೇನು ಅಂತ ಒಂದೊಂದು ಒಂದೊಂದರ ಮೇಲೆ ಇಟ್ಟು, ಬಟ್ಟು ಹೇರಿ, ಅಲ್ಲಾಡದ ಹಾಗೆ ಮಾಡಿದೀನಿ ಅಂತ ಹೇಳ್ದೆ. ಇವಳು ನಂಬಿ ಹೊಲಿದ್ಲು."

"ಉದ್ದೇಶ?" ಎಂದು ಟೀಚರಮ್ಮ ಕೇಳಿದರು. ವಿಷಯ ಬಿಟ್ಟು ಹೊರಗೆ ಹೋಗುವುದು ಅವರಿಗೆ ಸೇರುವುದಿಲ್ಲ.

"ಭಾವ ಎದುರಿಗೆ ಕೂತಿದ್ರು. 'ಹೆಂಡ್ತಿ ಅಷ್ಟು ದುಡೀತಾಳೆ, ನೀವು ಒಂದು ಹಾಳೆನಾದ್ರೂ ಎತ್ತಿಡಿ' ಅಂದ್ರು. ಎತ್ತಿಟ್ಟೆ." ಸಾಹೇಬರು ಬಟ್ಟನ್ನು ಮತ್ತೆ ತಕ್ಕಡಿಯ ತಟ್ಟೆಗೆ ಇಳಿಸಿದರು. ಧಡ್ ಎಂದಿತು. "ಎರಡು ಕಿಲೋ, ನನ್ನದು. ಇವಳದು ಸೊನ್ನೆ. ಇನ್ನೊಂದು ಮಾತು ಸಾರ್. ಈ ಪುಸ್ತಕ ನಾನು ಓದಿಲ್ಲ. ಕೊನೇ ಮೂರು ಪುಟ ಮಾತ್ರ ನೋಡಿದ್ದು. ಬರ್ಕೊಳ್ಳೋದಿದ್ರೆ ಅದನ್ನೂ ಬರ್ಕೊಳ್ಳಿ."

ಅಕ್ಕ ಕಣ್ಣು ಒರೆಸಿಕೊಂಡರು.

ಅಧಿಕಾರಿ ಗಂಟಲು ಸರಿಮಾಡಿಕೊಂಡರು. "ಯಾರದೇ ತಪ್ಪಾಗಲಿ, ವರದಿಯಲ್ಲಿ ನಾನು..."

"ಸಾರ್, ಒಂದು ಲೆಕ್ಕ ಉಳಿದಿದೆ," ಎಂದರು ಟೀಚರಮ್ಮ. "ಇದು ಬೈಂಡ್ ಆಗಿ ಆರು ತಿಂಗಳಾಯ್ತು. ಅಲ್ಲಿಂದ ಎಷ್ಟು ಜನ ಓದಿದಾರೆ? ಒಬ್ಬರೂ ಯಾಕೆ ಹೇಳಲಿಲ್ಲ?"

ಮೇಡಂ ರಿಜಿಸ್ಟರ್ ತೆರೆದರು. ನನಗೆ ಕುರ್ಚಿಯ ಕೆಳಗೆ ಹೋಗಿಬಿಡೋಣ ಅನ್ನಿಸಿತು. "ಹನ್ನೊಂದು ಜನ. ಮೊದಲು ದರ್ಜಿಯವರು, ಅಭಿಪ್ರಾಯ 'ಅದ್ಭುತ'. ಎರಡನೆಯವರು ಔಷಧಿ ಅಂಗಡಿಯವರು, 'ಕಣ್ಣು ತೆರೆಸಿತು'." ಹೀಗೆ ಓದುತ್ತಾ ಹೋದರು. ಹೆಸರು ಬಂದವರೆಲ್ಲ ಒಬ್ಬೊಬ್ಬರಾಗಿ ನೆಲ ನೋಡಿದರು. ಇನ್ಸ್‌ಪೆಕ್ಟರ್ ಹೆಸರು ರಿಜಿಸ್ಟರಿನಲ್ಲಿ ಇರಲೇ ಇಲ್ಲ. ಅವರೂ ಕಪಾಟಿನ ಹತ್ತಿರ ನಿಂತುಕೊಂಡೇ ಓದುವ ಪೈಕಿ ಎಂದು ಆಗ ಎಲ್ಲರಿಗೂ ತಿಳಿಯಿತು.

"ಒಂಬತ್ತನೆಯದು..." ಮೇಡಂ ನಿಲ್ಲಿಸಿದರು. ಅಧಿಕಾರಿಯನ್ನು ನೋಡಿದರು. "ಅಭಿಪ್ರಾಯದ ಕಾಲಂನಲ್ಲಿ 'ಮುಕ್ತಾಯ ಅಮೋಘ' ಅಂತಿದೆ. ಕೆಳಗೆ ಸಹಿ, ಮೊಹರು ಎರಡೂ ಇದೆ."

ಅಧಿಕಾರಿ ಬಹಳ ಹೊತ್ತು ಪೆನ್ನಿನ ಮುಚ್ಚಳ ಹುಡುಕಿದರು. ಅದು ಪೆನ್ನಿನ ಹಿಂದೆಯೇ ಇತ್ತು. ತೆಗೆದು ಮುಚ್ಚಿದರು.

"ಕೂಟ ಯಶಸ್ವಿಯಾಗಿ ನಡೆಯಿತು ಅಂತ ಬರೀರಿ," ಎಂದರು. "ಬೇರೆ ವಿವರ ಬೇಡ."

"ಬೈಂಡಿಂಗ್ ವಿಷಯ ಸಾರ್?" ಎಂದರು ಮೇಡಂ.

ಅವರು ಅಕ್ಕನನ್ನು ನೋಡಿದರು, ಆಮೇಲೆ ತಕ್ಕಡಿಯ ಪಕ್ಕ ನಿಂತಿದ್ದ ಅಕ್ಕನ ಗಂಡನನ್ನು ನೋಡಿದರು. "ಯಂತ್ರಕ್ಕೆ ತಪ್ಪು ಒಪ್ಪಿಕೊಳ್ಳೋಕೆ ಬರಲ್ಲ. ಮುಂದಿನ ವರ್ಷನೂ ಇವರೇ ಮಾಡಲಿ. ಪಂಖ ಮಾತ್ರ ಬೇರೆಯವರು ಹಾಕಬಾರದು."

ತೂಕದ ಕಚೇರಿಯ ಮೇಲಧಿಕಾರಿ ಹೋಗುವ ಮೊದಲು ಸಾಹೇಬರ ಹತ್ತಿರ ಬಂದರು. "ಸೋಮವಾರ ಆ ಪತ್ರ ವಾಪಸು ತಗೊಂಡು ಬಾ. ಜವಾನನ ಹತ್ರ ಕ್ಷಮೆ ಕೇಳು. ಕಟ್ಟು ನಿನ್ನದೇ, ಅದನ್ನ ಇಟ್ಕೋ."

ಮರುದಿನ ಭಾನುವಾರ. ಗೋಡೆಯಾಚೆ ಬೆಳಿಗ್ಗೆಯಿಂದ ಕತ್ತರಿಯ ಸದ್ದು. ಅಕ್ಕ ಎರಡು ಪುಸ್ತಕದ ದಾರವನ್ನೂ ಕತ್ತರಿಸಿ ಬಿಚ್ಚಿದ್ದರು. ಸಾಹೇಬರು ಕೋಣೆಯ ಬಾಗಿಲಲ್ಲಿ ನಿಂತು, "ನಾನೇನಾದ್ರೂ..." ಎಂದರು.

"ಏನೂ ಮಾಡಬೇಡಿ. ಅಲ್ಲಿ ಕೂತ್ಕೊಂಡು ಇದನ್ನ ಓದಿ. ಮೊದಲನೇ ಪುಟದಿಂದ."

ಹನ್ನೆರಡಕ್ಕೆ ಇನ್ಸ್‌ಪೆಕ್ಟರ್ ಬಂದರು. ಅಂಟಿನ ಕೆಲಸ ಬಿಡು ಎನ್ನಲಿಲ್ಲ. ಕೈಲಾಗದವರ ಸುದ್ದಿಯೂ ಬರಲಿಲ್ಲ. ದನಿ ತಗ್ಗಿಸಿ ತಂಗಿಯನ್ನು ಕೇಳಿದರು. "ಅಲ್ಲಮ್ಮ, ಕೊನೆಗೂ ಆ ಡಾಕ್ಟರನ್ನ ಕೊಂದಿದ್ದು ಯಾರು?"

"ನಮ್ಮನೆಯವರು ಹನ್ನೊಂದನೇ ಪುಟದಲ್ಲಿದಾರೆ, ಕೇಳಿ ಅವರನ್ನೇ."

"ಅವರಿಗೆ ಹೇಗೆ ಗೊತ್ತಿರುತ್ತೆ. ಕೊನೇ ಫಾರಂ ಎಲ್ಲಿ?"

ತಗಡಿನ ಡಬ್ಬದ ಮುಚ್ಚಳ ಬಿದ್ದ ಸದ್ದು ಕೇಳಿಸಿತು. ಅಕ್ಕ ಸೂಜಿ ದಾರ ಇಡುವ ಡಬ್ಬ ಅದು, ಅದಕ್ಕೊಂದು ಪುಟ್ಟ ಬೀಗವಿದೆ. "ಇಲ್ಲಿದೆ. ನೂರ ಎಪ್ಪತ್ತಾರನೇ ಪುಟ ಮುಗಿಸಿ ಬನ್ನಿ, ಇಬ್ಬರೂ. ಆಮೇಲೆ ಕೊಡ್ತೀನಿ. ಆಮೇಲೇ ಹೊಲಿಯೋದು."

ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡರು. "ನನ್ನ ಕನ್ನಡಕ ಮನೇಲಿದೆ. ಸ್ವಲ್ಪ ಗಟ್ಟಿಯಾಗಿ ಓದ್ರೀ. ಮೊದಲಿಂದ."

ತಕ್ಕಡಿ ಸಾಹೇಬರು ಮೊದಲನೆಯ ಪುಟಕ್ಕೆ ತಿರುಗಿಸಿ ಓದಲು ಶುರುಮಾಡಿದರು. ನಾನು ಹೊಲಿಗೆ ಯಂತ್ರ ನಿಲ್ಲಿಸಿ, ಸ್ಟೂಲನ್ನು ಸದ್ದಾಗದಂತೆ ಗೋಡೆಯ ಹತ್ತಿರಕ್ಕೆ ಎಳೆದುಕೊಂಡು ಕೂತೆ.